ಹಳೆಯ ದೃಶ್ಯಗಳ ಮೇಲಿನ ಸುಂಕ

ಅಮೆರಿಕದ ಸಾರ್ವಜನಿಕ ಪ್ರಸಾರ ನಿಗಮಕ್ಕೆ ಮೀಸಲಿಟ್ಟಿದ್ದ ಸುಮಾರು 110 ಕೋಟಿ ಡಾಲರ್ ಅನುದಾನವನ್ನು ಅಲ್ಲಿನ ಸಂಸತ್ತು 2025ರ ಜುಲೈನಲ್ಲಿ ಹಿಂಪಡೆಯಿತು. 1967ರ ಕಾಯ್ದೆಯಡಿ ರೂಪುಗೊಂಡ ನಿಗಮ ಮರು ತಿಂಗಳೇ ಬಾಗಿಲು ಮುಚ್ಚುವ ನಿರ್ಧಾರ ಪ್ರಕಟಿಸಿತು. ಸಣ್ಣ ಊರುಗಳ ಸಾರ್ವಜನಿಕ ಪ್ರಸಾರ ಕೇಂದ್ರಗಳಿಗೆ ಇದರಿಂದ ಪೆಟ್ಟು ಬೀಳುವುದು ಖಚಿತ. ಸಾಕ್ಷ್ಯಚಿತ್ರಗಳಿಗೆ ಆಗುವ ನಷ್ಟವೂ ಕಡಿಮೆಯದಲ್ಲ. ಉದಾಹರಣೆಗೆ, ಅಲ್ಲಿನ ಕರಿಯರ ನಾಗರಿಕ ಹಕ್ಕುಗಳ ಹೋರಾಟವನ್ನು ದಾಖಲಿಸಿದ ‘ಐಸ್ ಆನ್ ದ ಪ್ರೈಜ್’ ಸರಣಿಯು ಅದರಲ್ಲಿದ್ದ ಹಳೆಯ ದೃಶ್ಯ, ಹಾಡುಗಳ ಪರವಾನಗಿ ಅವಧಿ ಮುಗಿದದ್ದರಿಂದಲೇ ವರ್ಷಗಟ್ಟಲೆ ಮರುಪ್ರಸಾರವಾಗಲಿಲ್ಲ. 2006ರಲ್ಲಿ ಅದು ಮತ್ತೆ ಪ್ರಸಾರವಾದದ್ದು ದಾನಿಗಳು ಹಣ ಕೊಟ್ಟ ಮೇಲೆ, ಅದೂ ಸಾರ್ವಜನಿಕ ವಾಹಿನಿಯಲ್ಲಿ.

ಹಣದ ಆಸರೆ ತಪ್ಪಿದಾಗ ಕಾನೂನಿನ ಆಸರೆಯಾದರೂ ಗಟ್ಟಿಯಾಗಿರಬೇಕು. ವಾಷಿಂಗ್ಟನ್ನಿನ ಅಮೆರಿಕನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಪೆಟ್ರೀಷಿಯಾ ಔಫ್ಡರ್‌ಹೈಡ್ ಈ ಕಾನೂನಿನ ಆಸರೆಯನ್ನು ಗಟ್ಟಿಗೊಳಿಸಲು ದುಡಿದವರು. ಇತರರ ದೃಶ್ಯ, ಹಾಡುಗಳಲ್ಲಿ ಅನುಮತಿಯಿಲ್ಲದೆ ಎಷ್ಟನ್ನು, ಯಾವಾಗ ಬಳಸುವುದು ನ್ಯಾಯೋಚಿತ ಎಂಬುದನ್ನು ಚಿತ್ರ ತಯಾರಕರಿಂದಲೇ ಹೇಳಿಸಿ, 2005ರಲ್ಲಿ ಅವರು ಕಾನೂನು ತಜ್ಞರ ಜೊತೆಗೂಡಿ ರೂಪಿಸಿದ ಸಂಹಿತೆಯನ್ನು ಕೆಲವೇ ವರ್ಷಗಳಲ್ಲಿ ಚಿತ್ರಗಳಿಗೆ ವಿಮೆ ಕೊಡುವ ಕಂಪನಿಗಳೂ ಒಪ್ಪಿದವು. ನ್ಯಾಯಾಲಯಕ್ಕಿಂತ ವಿಮೆಗೇ ಹೆಚ್ಚು ಅಂಜುವ ಉದ್ಯಮದಲ್ಲಿ ಇದು ಸಣ್ಣ ಗೆಲುವಲ್ಲ. ಅನುದಾನ ಕಸಿದ ಅಮೆರಿಕದ ಕ್ರಮ ತಪ್ಪು; ಆದರೆ ಅಲ್ಲಿನ ಈ ಸಂಹಿತೆ ನಮಗೆ ಮಾದರಿ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗೆ, ಪ್ರಚಲಿತ ಘಟನೆಗಳ ವರದಿಗೆ ನ್ಯಾಯೋಚಿತ ಬಳಕೆಯ ಅವಕಾಶ ಕೊಟ್ಟಿದ್ದರೂ ಅದರ ಎಲ್ಲೆ ಅಸ್ಪಷ್ಟ. ನಮ್ಮ ಸಾಕ್ಷ್ಯಚಿತ್ರ ತಯಾರಕರೂ ಚಲನಚಿತ್ರ ಶಿಕ್ಷಣ ಸಂಸ್ಥೆಗಳೂ ಇಂಥದೇ ಸಂಹಿತೆಯನ್ನು ತಾವೇ ಬರೆದುಕೊಳ್ಳಬೇಕು. ಸರ್ಕಾರಿ ಹಣದಲ್ಲಿ ಚಿತ್ರೀಕರಿಸಿದ ದೂರದರ್ಶನದ ಹಳೆಯ ದೃಶ್ಯಗಳು ಅವರಿಗೆ ಅಲ್ಪ ಶುಲ್ಕದಲ್ಲಿ ಸಿಗಬೇಕು.