ಪೆಪ್ಪರ್‌ಮಿಂಟ್ ಟೀ ಏನು ಸಂಜೀವಿನಿಯಾ?

ಮೊನ್ನೆ ಅರಿಶಿನಕುಂಟೆಯ ನಮ್ಮನೆಗೆ ಬಂದ ನೆಂಟರೊಬ್ಬರು ಅಮ್ಮನ ಕೈಗೆ ಪೆಪ್ಪರ್‌ಮಿಂಟ್ ಟೀ ಡಬ್ಬಿ ಇಟ್ಟು, "ಹೊಟ್ಟೆಯ ಸಕಲ ರೋಗಕ್ಕೂ ಇದೇ ಮದ್ದು" ಅಂದರು. ಅಮ್ಮ ದಿನಾ ರಾತ್ರಿ ಊಟ ಆದ ಮೇಲೆ ಕುಡಿದಳು. ವಾರದೊಳಗೆ ಮೊದಲೇ ಇದ್ದ ಎದೆಯುರಿ ಜಾಸ್ತಿಯಾಗಿ, ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ರಾತ್ರಿ ಕಳೆದಳು.

ಇನ್ನೇನಾಗುತ್ತೆ ಹೇಳಿ? ಅದರಲ್ಲಿರೋ ಮೆಂಥಾಲ್ ಸ್ನಾಯುಗಳನ್ನ ಸಡಿಲ ಮಾಡುತ್ತೆ. ಹೊಟ್ಟೆ ಉಬ್ಬರಕ್ಕೆ ಹಾಯೆನಿಸೋದು ಅದಕ್ಕೇ. ಆದರೆ ಅನ್ನನಾಳದ ಕೆಳಗಿನ ಬಾಗಿಲೂ ಸಡಿಲವಾದರೆ ಹುಳಿ ಮೇಲಕ್ಕೆ ಬರುತ್ತೆ. ಡಬ್ಬಿ ಮೇಲೆ ಈ ಮಾತೇ ಇಲ್ಲ! "ಸಂಶೋಧನೆ ಆಗಿದೆ" ಅಂತೀರಾ? ಐಬಿಎಸ್ ಅನ್ನೋ ಕರುಳಿನ ತೊಂದರೆಗೆ ಪರೀಕ್ಷಿಸಿರೋದು ಹೆಚ್ಚಾಗಿ ಕರುಳಿಗೆ ಹೋಗಿ ಕರಗೋ ಎಣ್ಣೆ ಕ್ಯಾಪ್ಸೂಲ್‌ಗಳನ್ನ, ಟೀಯನ್ನಲ್ಲ ಸ್ವಾಮಿ.

ಅಂದಹಾಗೆ, ಚಟ್ನಿಗೆ ತರೋ ನಮ್ಮ ಪುದೀನ ಸಾಮಾನ್ಯವಾಗಿ ಸ್ಪಿಯರ್‌ಮಿಂಟ್ ಜಾತಿ, ಮೆಂಥಾಲ್ ತೀರಾ ಕಡಿಮೆ. ಪೆಪ್ಪರ್‌ಮಿಂಟ್ ಅದರದ್ದೇ ಒಂದು ಮಿಶ್ರತಳಿ. ಎರಡೂ ಒಂದೇ ಅಂತ ಬರೆಯೋ ಬ್ಲಾಗು ಮಿತ್ರರೇ, ದಯವಿಟ್ಟು ನಿಲ್ಲಿಸಿ...

ಕೆಫೀನ್ ಇಲ್ಲ, ಘಮ ಚೆನ್ನಾಗಿದೆ, ಒಪ್ಪಿದೆ. ಡಬ್ಬಿ ಈಗ ನನ್ನ ಮೇಜಿನ ಮೇಲಿದೆ, ಸಂಜೆ ನಾನೇ ಕುಡೀತೀನಿ. ಅಮ್ಮ ಮಾತ್ರ ಅದರ ಹೆಸರೆತ್ತಿದ್ರೆ ಸಿಡುಕ್ತಾಳೆ :-)