ಪೊರೆ ತೆಗೆಸುವಾಗಲೇ ಗ್ಲಾಕೋಮಾಕ್ಕೂ ಸ್ಟೆಂಟ್ ಹಾಕಿಸಬೇಕೆ?

ಪರ

ಅರವತ್ತು ದಾಟಿದವರಲ್ಲಿ ಪೊರೆಯೂ, ಕಣ್ಣೊಳಗಿನ ಒತ್ತಡದಿಂದ ಕಣ್ಣಿನ ನರ ಸವೆಯುವ ಗ್ಲಾಕೋಮಾವೂ ಒಟ್ಟಿಗೇ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಪೊರೆಗಂತೂ ಆಪರೇಷನ್ ಆಗಲೇಬೇಕು. ಅದಕ್ಕಾಗಿ ಕೊಯ್ದ ಕಿಂಡಿಯಿಂದಲೇ, ಕಣ್ಣೊಳಗಿನ ನೀರು ಹರಿದುಹೋಗುವ ಕಾಲುವೆಗೆ ರೆಪ್ಪೆಗೂದಲಿನಷ್ಟಿರುವ ಸ್ಟೆಂಟ್ ಕೂರಿಸಬಹುದು. ಇನ್ನು ಕೆಲವು ನಿಮಿಷದ ಕೆಲಸ.

ಈ ಒತ್ತಡ ಇಳಿಸುವ ಹನಿ ಔಷಧದ ಕಷ್ಟ ಹಾಕಿಕೊಂಡವರಿಗೇ ಗೊತ್ತು. ದಿನಾ ಹೊತ್ತಿಗೆ ಸರಿಯಾಗಿ, ಬದುಕಿರುವತನಕ. ಕಣ್ಣು ಉರಿಯುತ್ತದೆ, ಕೈ ನಡುಗಿ ಹನಿ ಕೆನ್ನೆಗೆ ಬೀಳುತ್ತದೆ. ಒಂದು ದಿನ ಬಿಟ್ಟರೆ ನೋವೇನೂ ಆಗದ್ದರಿಂದ ಜನ ಬಿಟ್ಟೂಬಿಡುತ್ತಾರೆ. ಹೋದ ನರ ಮಾತ್ರ ಮರಳುವುದಿಲ್ಲ. 'ಹೈಡ್ರಸ್' ಸ್ಟೆಂಟಿನ ಬಗ್ಗೆ ನಡೆದ ಹೊರೈಜನ್ ಅಧ್ಯಯನದಲ್ಲಿ, ಐದು ವರ್ಷವಾದ ಮೇಲೂ ಶೇ. 66 ಮಂದಿಗೆ ಹನಿ ಬೇಕಿರಲಿಲ್ಲ. ಸ್ಟೆಂಟ್ ದುಬಾರಿಯೆ? ಇಂಜೆಕ್ಷನ್ ಸೂಜಿಯ ತುದಿ ಬಾಗಿಸಿ ಅದೇ ಕಾಲುವೆಯ ಗೋಡೆ ಬಿಡಿಸುವ ವಿಧಾನವೂ ಇದೆ.

ವಿರೋಧ

ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಯಾಕೆ ನುಂಗಿದಿರಿ? ಬರೀ ಪೊರೆ ತೆಗೆಸಿಕೊಂಡವರಲ್ಲೂ ಶೇ. 46 ಮಂದಿ ಹನಿ ಬಿಟ್ಟಿದ್ದರು. ಸ್ಟೆಂಟಿನಿಂದ ಹೆಚ್ಚಾಗಿ ಸಿಕ್ಕ ಲಾಭ ನೂರಕ್ಕೆ ಇಪ್ಪತ್ತು ಮಂದಿಗೆ. ಕಮ್ಮಿಯೇನಲ್ಲ, ಒಪ್ಪಿದೆ. ಆದರೆ ಜಾಹೀರಾತು ಹೇಳುವುದು ಅರವತ್ತಾರನ್ನು.

ಈ ಸ್ಟೆಂಟುಗಳು, ಕಣ್ಣೊಳಗಿನ ನೀರು ಹೊರಹೋಗುವ ಕೋನ ತೆರೆದಿರುವ, ಆರಂಭದ ಅಥವಾ ಮಧ್ಯಮ ಹಂತದ ಗ್ಲಾಕೋಮಾಕ್ಕೆಂದು ಬಂದವು. ಏಷ್ಯಾದವರಲ್ಲಿ ಕೋನ ಮುಚ್ಚಿದ ಗ್ಲಾಕೋಮಾ ಹೆಚ್ಚು. ಅಂಥವರಲ್ಲಿ ಉಬ್ಬಿದ ಲೆನ್ಸ್ ತೆಗೆದರೇ ಎಷ್ಟೋ ಸಲ ದಾರಿ ತೆರೆಯುತ್ತದೆ. ನರ ತೀರಾ ಸವೆದವರಿಗೆ ಒತ್ತಡ ಬಹಳ ಕೆಳಗಿಳಿಯಬೇಕು. ಅವರಿಗೆ 1968ರಿಂದ ನಡೆದುಬಂದ, ನೀರಿಗೆ ಹೊಸ ದಾರಿ ಮಾಡಿಕೊಡುವ ಟ್ರಾಬೆಕ್ಯುಲೆಕ್ಟಮಿ ಆಪರೇಷನ್ನೇ ಇಂದಿಗೂ ಗಟ್ಟಿ.

'ಸೈಪಾಸ್' ಕತೆಯನ್ನೂ ನೆನೆಯಿರಿ. ಪೊರೆ ಆಪರೇಷನ್ ಜತೆಗೇ ಹಾಕುತ್ತಿದ್ದ ಈ ಸ್ಟೆಂಟಿಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಎರಡು ವರ್ಷದ ಫಲಿತಾಂಶ ಚೆನ್ನಾಗಿತ್ತು. ಐದನೇ ವರ್ಷದ ಲೆಕ್ಕ ಬಂದಾಗ, ಕಾರ್ನಿಯಾದ ಒಳಪದರದ ಜೀವಕೋಶಗಳು ಹೆಚ್ಚು ನಷ್ಟವಾಗಿದ್ದು ಗೊತ್ತಾಯಿತು. ಅವು ಮತ್ತೆ ಹುಟ್ಟುವುದಿಲ್ಲ. 2018ರ ಆಗಸ್ಟಿನಲ್ಲಿ ಕಂಪನಿಯೇ ಅದನ್ನು ವಾಪಸ್ ಪಡೆಯಿತು. ಈಗಿನ ಸ್ಟೆಂಟುಗಳು ಕೂರುವ ಜಾಗವೇ ಬೇರೆ, ನಿಜ. ಆದರೂ ಹತ್ತು ವರ್ಷದ ಲೆಕ್ಕ ಕೇಳುವುದು ರೋಗಿಯ ಹಕ್ಕು.

ನಮ್ಮ ಮಾತು

ಆರಂಭದ ಹಂತ, ತೆರೆದ ಕೋನ, ಹನಿ ತಡೆಯದ ಕಣ್ಣು: ಈ ಮೂರೂ ಕೂಡಿದರೆ ನಾವು ಪರದ ಕಡೆ. ಉಳಿದವರು ದುಡುಕಬಾರದು. ಆಪರೇಷನ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಡಾಕ್ಟರನ್ನು ಕೇಳಿ: ನನ್ನ ಕಣ್ಣಿನ ಕೋನ ತೆರೆದಿದೆಯೆ, ಮುಚ್ಚಿದೆಯೆ? ಬರೀ ಪೊರೆ ತೆಗೆದರೆ ಒತ್ತಡ ಎಷ್ಟು ಇಳಿದೀತು? ಮಾಡಿಸಿಕೊಂಡರೂ, ಹನಿ ನಿಂತಿತೆಂದು ತಪಾಸಣೆ ನಿಲ್ಲಿಸಬೇಡಿ.