ಕಾರು ತಗ್ಗಿಸಬೇಡಿ, ಶಾಕ್ ಬದಲಿಸಿ

ಸಂಜೆ ಹೊತ್ತು ನಮ್ಮ ಕರಾವಳಿಯ ಕುಂಬಳೆ, ಉಪ್ಪಳ ಪೇಟೆಗಳಲ್ಲಿ ಒಂದಷ್ಟು ಹಳೆಯ ಕಾರುಗಳು ಕಣ್ಣಿಗೆ ಬೀಳುತ್ತವೆ. ಮೈಗೆ ಹೊಸ ಬಣ್ಣ, ದೊಡ್ಡ ಅಲಾಯ್ ಚಕ್ರ, ಹೊಟ್ಟೆ ರಸ್ತೆಗೆ ತಾಗುವಷ್ಟು ತಗ್ಗು. ಹಂಪ್ ಬಂದರೆ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿಕೊಂಡು ದಾಟಬೇಕು. ಇಪ್ಪತ್ತು ವರ್ಷದ ಹಿಂದಿನ ಕಾರನ್ನು ಗುಜರಿಗೆ ಹಾಕದೆ ಉಳಿಸಿಕೊಂಡ ಹುಡುಗರ ಮೇಲೆ ನನಗೆ ಗೌರವವೇ ಇದೆ. ನನ್ನ ತಕರಾರು ಅವರು ದುಡ್ಡು ಸುರಿದ ಜಾಗದ ಬಗ್ಗೆ ಮಾತ್ರ. ಸ್ಪ್ರಿಂಗನ್ನು ಕತ್ತರಿಸಿಯೋ, ಗಿಡ್ಡದ್ದನ್ನು ತಂದು ಹಾಕಿಸಿಯೋ ಕಾರು ತಗ್ಗಿಸುತ್ತಾರೆ. ಎಣ್ಣೆ ಸೋರುವ ಶಾಕಬ್ಸರ್ ಮಾತ್ರ ಹಳತೇ ಇರುತ್ತದೆ. ಎತ್ತರ ಕಂಪನಿ ಕೊಟ್ಟಷ್ಟೇ ಇರಲಿ, ಇರುವ ದುಡ್ಡು ಶಾಕಿಗೆ ಹೋಗಲಿ ಎಂಬುದು ನನ್ನ ವಾದ.

ನಾನು ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವಳು. ಓಡಿಸುವುದು ಫಿಯೆಟ್ ಪಾಲಿಯೋ 1.6 ಜಿಟಿಎಕ್ಸ್. ಸ್ಪೋರ್ಟ್ಸ್ ಕಾರು ಎಂದರೆ ಎರಡೇ ಸೀಟು, ತೆರೆದ ಮಾಡು ಎಂದುಕೊಂಡವರು ಇದನ್ನು ಆ ಸಾಲಿಗೆ ಸೇರಿಸಲಾರರು. ಅಂಥದ್ದೊಂದನ್ನು ಸ್ಯಾನ್ ಮೋಟರ್ಸ್ 'ಸ್ಟಾರ್ಮ್' ಎಂಬ ಹೆಸರಲ್ಲಿ ಮಾಡಿತ್ತು. ನಮ್ಮ ಕಡೆ ಅದನ್ನು ಕಂಡವರು ಕಡಿಮೆ. ಮಧ್ಯಮ ವರ್ಗದ ಮನೆಯಂಗಳಕ್ಕೆ ಬಂದ ಸ್ಪೋರ್ಟ್ಸ್ ಕಾರೆಂದರೆ ಸಾಧಾರಣ ಮೈಯೊಳಗೆ ದೊಡ್ಡ ಎಂಜಿನ್ ಕೂರಿಸಿದ್ದು: ಫೋರ್ಡ್ ಐಕಾನ್ 1.6, ಹೋಂಡಾ ಸಿಟಿ ವಿಟೆಕ್, ಈ ಪಾಲಿಯೋ. 2001ರಲ್ಲಿ ಸಚಿನ್ ತೆಂಡೂಲ್ಕರ್ ಜಾಹೀರಾತಿನೊಂದಿಗೆ ಮಾರುಕಟ್ಟೆಗೆ ಇಳಿದ ಕಾರು. 1.6ರ ಶಕ್ತಿ ಸುಮಾರು 100 ಎಚ್‌ಪಿ. ಪೆಟ್ರೋಲ್ ಕುಡಿಯುವುದರಲ್ಲೂ ಅದು ಹಿಂದೆ ಬಿದ್ದದ್ದಿಲ್ಲ.

ಈ ವರ್ಷ ಮಳೆಗಾಲಕ್ಕೆ ಮೊದಲು ಅದರ ಸಸ್ಪೆನ್ಶನ್ ಕೆಲಸ ಮಾಡಿಸಲೇಬೇಕಾಯಿತು. ಚೆರ್ಕಳ-ಜಾಲ್ಸೂರು ರಸ್ತೆಯ ತಿರುವುಗಳಲ್ಲಿ ಕಾರಿನ ಹಿಂಭಾಗ ಹೊಯ್ದಾಡತೊಡಗಿತ್ತು. ಬ್ರೇಕ್ ಒತ್ತಿದರೆ ಮೂಗು ನೆಲ ಮೂಸುತ್ತಿತ್ತು. ಟಯರ್ ಮೇಲೆ ಕೈಯಾಡಿಸಿದರೆ ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ಉಬ್ಬು. ಶಾಕ್ ಸತ್ತದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕ್ಲಾಸಿನಲ್ಲಿ ನಾನು ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಚಕ್ರ ಗುಂಡಿಗಿಳಿದು ಎದ್ದಾಗ ಅದು ಕುಗ್ಗಿ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮರುಕ್ಷಣ ವಾಪಸ್ ಕೊಡುತ್ತದೆ. ಅದನ್ನು ತಡೆಯುವವರಿಲ್ಲದಿದ್ದರೆ ಕಾರು ಕುಣಿಯುತ್ತಲೇ ಇರುತ್ತದೆ. ಶಾಕಿನೊಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ಸಣ್ಣ ಕವಾಟಗಳ ಮೂಲಕ ನೂಕಿ ಆ ಶಕ್ತಿಯನ್ನು ಬಿಸಿಯಾಗಿ ಮಾರ್ಪಡಿಸುತ್ತದೆ. ಹಾಗಾಗಿ ಹದಗೆಟ್ಟ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ ನಿಲ್ಲಿಸಿದ ಮೇಲೆ ಒಳ್ಳೆಯ ಶಾಕ್ ಮುಟ್ಟಿದರೆ ಬೆಚ್ಚಗಿರುತ್ತದೆ, ಸತ್ತದ್ದು ಹೆಚ್ಚುಕಡಿಮೆ ತಣ್ಣಗೇ ಇರುತ್ತದೆ. ಚಕ್ರ ನೆಲ ಬಿಟ್ಟು ಪುಟಿಯುವಷ್ಟು ಹೊತ್ತು ಬ್ರೇಕಿಗೂ ಹಿಡಿತವಿಲ್ಲ, ಸ್ಟಿಯರಿಂಗಿಗೂ ಇಲ್ಲ. ಮಳೆಗಾಲದ ಒದ್ದೆ ರಸ್ತೆಯಲ್ಲಿ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕತ್ತರಿಸಿದ ಸ್ಪ್ರಿಂಗಿನ ಲೆಕ್ಕ. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದು ಸುತ್ತು ತೆಗೆದರೆ ಅದು ಶೇ. 20ರಷ್ಟು ಗಡಸಾಗುತ್ತದೆ. ತಂತಿಯ ದಪ್ಪದ ಪರಿಣಾಮ ಇನ್ನೂ ಜಾಸ್ತಿ: 12 ಮಿ.ಮೀ. ತಂತಿಯ ಬದಲು 13 ಮಿ.ಮೀ. ಆದರೆ, ಉಳಿದದ್ದೆಲ್ಲ ಹಾಗೇ ಇದ್ದರೂ, ಗಡಸುತನ ಶೇ. 38ರಷ್ಟು ಏರುತ್ತದೆ. ದಪ್ಪದ ನಾಲ್ಕನೇ ಘಾತ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಹೀಗೆ ಗಡಸಾದ ಸ್ಪ್ರಿಂಗನ್ನು ಹದ್ದುಬಸ್ತಿನಲ್ಲಿಡಲು ಮೊದಲಿಗಿಂತ ಬಲವಾದ ಶಾಕ್ ಬೇಕು. ಹುಡುಗರು ಮಾಡುವುದು ಏನು? ಎಮ್ಮೆ ಕಟ್ಟುವ ಹಗ್ಗ ಕರುವಿನದ್ದಕ್ಕಿಂತ ಸಪೂರ ಎಂಬಂತೆ, ಗಡಸು ಸ್ಪ್ರಿಂಗಿಗೆ ಮುದಿ ಶಾಕನ್ನು ಜೋಡಿಸುತ್ತಾರೆ. ಸಾಲದ್ದಕ್ಕೆ ಎತ್ತರ ಇಳಿದಷ್ಟೂ ಶಾಕಿನ ಓಟ ಕಡಿಮೆಯಾಗಿ, ಪ್ರತಿ ಗುಂಡಿಗೂ ಬಂಪ್ ಸ್ಟಾಪಿನ ರಬ್ಬರಿಗೆ ಹೊಡೆತ. ಚಕ್ರ ಪೂರ್ತಿ ಕೆಳಗೆ ಜೋತಾಗ ಗಿಡ್ಡ ಸ್ಪ್ರಿಂಗ್ ತನ್ನ ಪೀಠದಿಂದ ಜಾರುವ ಅಪಾಯ ಬೇರೆ.

ಕಾನೂನಿನ ಭಯವನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ವಾಹನವನ್ನು ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಪ್ರತಿ ಅಕ್ರಮ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲಿಗೂ ಅವಕಾಶ ಇದೆ. 15 ವರ್ಷ ದಾಟಿದ ಕಾರು ಐದೈದು ವರ್ಷಕ್ಕೊಮ್ಮೆ ಮರುನೋಂದಣಿಗೆ ಆರ್‌ಟಿಒ ಮುಂದೆ ನಿಲ್ಲಲೇಬೇಕು. ತಗ್ಗಿಸಿದ ಕಾರಿನವರು ಆ ದಿನಕ್ಕಾಗಿ ಹಳೆ ಸ್ಪ್ರಿಂಗ್ ಹುಡುಕಿ ಓಡಾಡುವುದನ್ನು ನೋಡಿದ್ದೇನೆ.

ಹಾಗಾದರೆ ಕೈಗೆಟಕುವ ಬೆಲೆಗೆ ಏನು ಕೊಳ್ಳಬೇಕು? ಮುಳ್ಳೇರಿಯದ ನನ್ನ ಮೆಕ್ಯಾನಿಕ್ ಮೊದಲೇ ಹೇಳಿಬಿಟ್ಟರು: "ಟೀಚರೇ, ಸ್ಪ್ರಿಂಗ್ ಬೇಕಾದ್ರೆ ಗುಜರಿಯಿಂದ ತನ್ನಿ. ಶಾಕ್ ಮಾತ್ರ ಹೊಸತೇ ಆಗ್ಬೇಕು, ಎರಡೂ ಬದಿ ಒಟ್ಟಿಗೇ ಆಗ್ಬೇಕು." ಮೂವತ್ತು ವರ್ಷ ಗ್ರೀಸಿನಲ್ಲಿ ಕೈಯಾಡಿಸಿದವರ ಮಾತು. ಯೋಚಿಸಿದರೆ ಭೌತಶಾಸ್ತ್ರವೂ ಅದನ್ನೇ ಹೇಳುತ್ತದೆ. ಶಾಕಿನೊಳಗೆ ಸವೆಯುವ ಸೀಲು, ಕವಾಟ, ಹಳಸುವ ಎಣ್ಣೆ ಇವೆ. ಅದರ ಆಯುಷ್ಯ ಹೊರಗಿನಿಂದ ಕಾಣುವುದಿಲ್ಲ. ಸ್ಪ್ರಿಂಗ್ ಬರೀ ಉಕ್ಕು. ಅದನ್ನು ಕೊಲ್ಲುವುದು ಹೆಚ್ಚಾಗಿ ತುಕ್ಕು. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಕರಾವಳಿಯ ಉಪ್ಪುಗಾಳಿ, ಮುರಕಲ್ಲಿನ ಕೆಂಪು ಕೆಸರು, ಎಲ್ಲವೂ ಕೆಳಗಿನ ಸುತ್ತು ಕೂರುವ ಬಟ್ಟಲಲ್ಲಿ ಶೇಖರವಾಗುತ್ತವೆ. ಬಣ್ಣ ಎದ್ದಲ್ಲಿ ತುಕ್ಕು ಗುಳಿ ಕೊರೆಯುತ್ತದೆ, ಗುಳಿಯಿಂದ ಬಿರುಕು ಹೊರಡುತ್ತದೆ. ನನ್ನ ಕಾರಿನ ಮುಂದಿನ ಎಡ ಸ್ಪ್ರಿಂಗಿನ ತುದಿ ಮುರಿದದ್ದು ಅಲ್ಲಿಯೇ. ಹಿಂದಿನವೆರಡು ಗಟ್ಟಿಯಾಗಿದ್ದವು. ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದೆವು. ಎರಡೂ ಬದಿ ಒಂದೇ ಅಳತೆ. ತುಕ್ಕು ಉಜ್ಜಿ, ಬಣ್ಣ ಬಳಿದು ಅವನ್ನೇ ವಾಪಸ್ ಹಾಕಿದೆವು.

ಮುಂದಿನ ಜೋಡಿಗಾಗಿ ಮಂಗಳೂರಿಗೆ ಹೋದಾಗ ಒಂದು ಅಂಗಡಿಯವರು "ಪಾಲಿಯೋದ್ದೇ" ಎಂದು ಕೊಟ್ಟದ್ದು 1.2 ಎಂಜಿನಿನ ಕಾರಿನ ಸ್ಪ್ರಿಂಗ್. ಹಳೆಯ ಕಾರಿನವರು ಹೆಚ್ಚು ಮೋಸ ಹೋಗುವುದು ಇಲ್ಲಿ. ಪಾಲಿಯೋ 1.2, 1.6, ಡೀಸೆಲ್ 1.9 ಹೀಗೆ ಬಂದಿತ್ತು. ಮೈ ಒಂದೇ, ಮೂಗಿನ ಭಾರ ಬೇರೆ ಬೇರೆ. ಹಗುರ ಎಂಜಿನಿನ ಸ್ಪ್ರಿಂಗನ್ನು ಭಾರದ ಕಾರಿಗೆ ಹಾಕಿದರೆ ಕೂರುವುದೇನೋ ಕೂರುತ್ತದೆ, ಮುಂಭಾಗ ಇಳಿದುಬಿಡುತ್ತದೆ. ಸ್ಪ್ರಿಂಗಿನ ಮೇಲೆ ಕಂಪನಿ ಬಳಿದ ಬಣ್ಣದ ಗೆರೆ ಇರುವುದು ಈ ಜಾತಿಗಳನ್ನು ಗುರುತಿಸಲಿಕ್ಕೇ. ಹಳೆಯದರ ಗೆರೆಯ ಫೋಟೋ, ತಂತಿಯ ದಪ್ಪ, ಸುತ್ತುಗಳ ಎಣಿಕೆ, ಪಾರ್ಟ್ ನಂಬರ್ ಇಟ್ಟುಕೊಂಡೇ ಅಂಗಡಿ ಹತ್ತಬೇಕು. ಕೊನೆಗೆ ನನಗೆ ಸಿಕ್ಕಿದ್ದು ಗುಜರಿಗೆ ಹೋದ ಇನ್ನೊಂದು 1.6ರ ಜೋಡಿ, ತುಕ್ಕಿನ ಗುಳಿ ಇಲ್ಲದ್ದು.

ಶಾಕಿನಲ್ಲಿ ಆಮದಿನ ಆಸೆ ಬೇಡ. ಬಿಲ್‌ಸ್ಟೈನ್, ಕೋನಿ ಹೆಸರು ಕೇಳಿದರೆ ನನಗೂ ಬಾಯಲ್ಲಿ ನೀರೂರುತ್ತದೆ. ಗಲ್ಫಿನಲ್ಲಿರುವ ಸೋದರಳಿಯ "ಸೂಟ್‌ಕೇಸಲ್ಲಿ ತರ್ತೇನೆ ಅತ್ತೆ" ಎಂದೂ ಹೇಳಿದ್ದ. ಎತ್ತರ ಹೊಂದಿಸುವ ಕಾಯಿಲೋವರ್ ಸೆಟ್ಟಿನ ಬೆಲೆಯಂತೂ ಇಂಥ ಕಾರಿನ ಇವತ್ತಿನ ಬೆಲೆಯನ್ನೇ ಮುಟ್ಟೀತು. ಅಗ್ಗದ, ಹೆಸರಿಲ್ಲದ ಕಾಯಿಲೋವರ್ ಇನ್ನೂ ಕೆಟ್ಟದ್ದು. ಅದರ ತಿರುಪು ಎರಡು ಮಳೆಗಾಲಕ್ಕೆ ತುಕ್ಕಿನಲ್ಲಿ ಅಂಟಿಕೊಂಡರೆ ಹೊಂದಿಸುವುದು ಏನನ್ನು? ನಮ್ಮಲ್ಲೇ ಶಾಕ್ ತಯಾರಿಸುವ ಗೇಬ್ರಿಯಲ್‌ನಂಥ ಹಳೆಯ ಕಂಪನಿಗಳಿವೆ. ಅಂಥ ಕಂಪನಿಯ, ಮೂಲ ಅಳತೆಯ ಶಾಕ್ ಸಿಕ್ಕಿದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಗ್ಯಾಸ್ ತುಂಬಿದ್ದಾದರೆ ಒಳ್ಳೆಯದು, ಎಣ್ಣೆ ನೊರೆಗಟ್ಟುವುದು ಕಡಿಮೆ. ಪೆಟ್ಟಿಗೆಯ ಮೇಲಿನ ತಯಾರಿಕೆಯ ದಿನಾಂಕ ಓದಿ. ಹತ್ತು ವರ್ಷ ಕಪಾಟಿನಲ್ಲಿ ಮಲಗಿದ ಶಾಕಿನ ರಬ್ಬರ್ ಸೀಲು ಹೊಸದೆನಿಸಿಕೊಳ್ಳುವುದಿಲ್ಲ. ಉಳಿದ ದುಡ್ಡನ್ನು ಸ್ಪ್ರಿಂಗ್, ಶಾಕ್ ಒಟ್ಟಿಗೆ ಕೂರುವ ಸ್ಟ್ರಟ್ಟಿನ ಮೇಲಿನ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಬುಷ್‌ಗಳಿಗೆ ಹಾಕಿ. ಎಲ್ಲ ಬಿಚ್ಚಿದಾಗಲೇ ಬದಲಿಸಿದರೆ ಕೂಲಿ ಒಂದೇ ಸಲ. ಬುಷ್‌ನ ಬೋಲ್ಟುಗಳನ್ನು ಕಾರು ನೆಲಕ್ಕಿಳಿಸಿ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಮಾಡಿಸಿ, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್. ಒಂದು ಎಚ್ಚರಿಕೆ: ಸ್ಟ್ರಟ್ ಬಿಚ್ಚುವ ಕೆಲಸಕ್ಕೆ ಮನೆಯಂಗಳದಲ್ಲಿ ಕೈ ಹಾಕಬೇಡಿ. ಕುಗ್ಗಿಸಿದ ಸ್ಪ್ರಿಂಗ್ ಹಾರಿದರೆ ಮುಖ ಉಳಿಯುವುದಿಲ್ಲ.

ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ರಸ್ತೆ ಬಂತು, ಇನ್ನು ಗುಂಡಿ ಎಲ್ಲಿ ಎಂದು ಕೇಳುವವರಿದ್ದಾರೆ. ನಾವೆಲ್ಲ ಅಲ್ಲೇ ಮನೆ ಮಾಡಿಕೊಂಡಿಲ್ಲವಲ್ಲ. ಹೆದ್ದಾರಿ ಬಿಟ್ಟು ಪೆರ್ಲಕ್ಕೋ ಬಂದಡ್ಕಕ್ಕೋ ತಿರುಗಿದರೆ ಗುಡ್ಡ, ತಿರುವು, ಮಣ್ಣು ಕೊರೆದ ಅಂಚು. ಹಾಗೆ ನೋಡಿದರೆ ಸರಿಯಾದ ಶಾಕ್ ಇರುವ ಹಳೆಯ ಪಾಲಿಯೋವನ್ನು ಓಡಿಸುವ ಸುಖ ಇರುವುದೂ ಆ ತಿರುವುಗಳಲ್ಲೇ.

ಕಂಪನಿಗಳ ಬಗ್ಗೆಯೂ ಒಂದು ಮಾತು. ಫಿಯೆಟ್ ಹೆಸರಿನ ಕಾರು 2019ರಲ್ಲಿ ನಮ್ಮ ಮಾರುಕಟ್ಟೆಯಿಂದ ಹೊರಟುಹೋಯಿತು, ರಸ್ತೆಯ ಮೇಲಿನ ಕಾರುಗಳು ಉಳಿದವು. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಜಾಲತಾಣ ತೆರೆದಾಗ ಅದರಲ್ಲಿ ವಾಹನ ಕ್ಷೇತ್ರವನ್ನೂ ಸೇರಿಸಿತು. ನಿಂತುಹೋದ ಪ್ರತಿ ಮಾದರಿಯ ಸ್ಪ್ರಿಂಗಿನ ಅಳತೆ, ಬಣ್ಣದ ಗುರುತು, ಶಾಕಿನ ಪಾರ್ಟ್ ನಂಬರನ್ನು ಅಲ್ಲಿ ಹಾಕುವುದನ್ನು ಕಡ್ಡಾಯ ಮಾಡಬೇಕು. ಬಿಡಿಭಾಗದ ಅಂಗಡಿಯವರಲ್ಲಿ ಕೇಳುವುದು ಇನ್ನೂ ಸಣ್ಣದು: ಬಿಲ್ಲಿನ ಮೇಲೆ ಕಂಪನಿಯ ಹೆಸರು, ಪಾರ್ಟ್ ನಂಬರ್, ತಯಾರಿಕೆಯ ವರ್ಷ ಬರೆದುಕೊಡಿ. ಬರೆದುಕೊಡದ ಅಂಗಡಿಯಿಂದ ಶಾಕ್ ಕೊಳ್ಳಬೇಡಿ.